ಹಗಲಿನ ಗೆಲಾಕ್ಸಿ

ಬಸ್ಸಿನ ಕಿಟಕಿಯ ಬಿಸಿಲು ಎಡಗಣ್ಣಿಗೇ ಹೊಡೆಯುತ್ತಿತ್ತು, ಪುಟ್ಟಲಕ್ಷ್ಮಿ ಅದೊಂದನ್ನು ಮುಚ್ಚಿಕೊಂಡಳು, ಮುಚ್ಚಿದ್ದೇ ತಡ ಕಬ್ಬಿನ ಗದ್ದೆಯ ಮೇಲಿನ ಆಕಾಶದಲ್ಲಿ ಅದೇ ಮಸುಕು — ನಡು ಉಬ್ಬಿ ಎರಡು ಕಡೆ ತೆಳ್ಳಗಾದ, ಅವರೆಕಾಳಿನಂಥ ಗೆಲಾಕ್ಸಿ, ಬೆಳಗಿನ ಹತ್ತು ಗಂಟೆಗೆ. ಹಗಲಲ್ಲಿ ಗೆಲಾಕ್ಸಿ ಕಾಣುವುದುಂಟೆ, ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು, ಬಿಸಿಲಿಗೆ ಕಣ್ಣು ಕತ್ತಲಿಟ್ಟಿರಬೇಕು, ಅಷ್ಟೇ — ಮೇಡಮ್ಮೋರೇ ನಂಜನಗೂಡಾ, ಕಂಡಕ್ಟರ್ ಕೈಯೊಡ್ಡಿದ, ಅವನ ಕಡೆ ತಿರುಗಿದರೆ ಮಸುಕು ಅವನ ಮೂಗಿನ ಮೇಲೆ ಕೂತಿತು, ಮೈಲಿಗಲ್ಲು ನೋಡಿದರೆ ಅಲ್ಲಿಗೂ ಬಂತು. ಗೆಲಾಕ್ಸಿಯಾದರೆ ತನ್ನ ಜಾಗದಲ್ಲಿ ತಾನಿರುತ್ತದೆ, ನೋಟದ ಹಿಂದೆ ಓಡಾಡುವುದಿಲ್ಲ, ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೋದ ಭಾನುವಾರ ನರಸೀಪುರದ ಮನೆಯ ತಾರಸಿಯಲ್ಲಿ ಟೆಲಿಸ್ಕೋಪನ್ನು ದಕ್ಷಿಣಕ್ಕೆ ತಿರುಗಿಸಿ, ನಕ್ಷೆಯಲ್ಲಿ ಗುರುತು ಹಾಕಿದ್ದ ಕಡೆಗೇ ಇಟ್ಟು, ಬಲಗಣ್ಣು ಹಚ್ಚಿದೊಡನೆ ಸಿಕ್ಕಿಬಿಟ್ಟಿತ್ತಲ್ಲ, ಮಸೂರದಾಕಾರದ್ದು, ಅಂಥದ್ದರಲ್ಲಿ ಹೊಸ ನಕ್ಷತ್ರ ಹುಟ್ಟುವುದು ಹೆಚ್ಚುಕಡಿಮೆ ನಿಂತೇಹೋಗಿರುತ್ತದೆ ಮಕ್ಕಳೇ, ಇರುವ ಹಳೆಯವು ಒಂದೊಂದಾಗಿ ಆರುತ್ತ ಹೋಗುತ್ತವೆ, ಎಷ್ಟು ಸಲ ಹೇಳಿದ್ದಳು ಕ್ಲಾಸಿನಲ್ಲಿ, ಎಷ್ಟು ಹಿಗ್ಗಿದ್ದಳು ಅವತ್ತು. ಗಂಡ ಚೆಲುವರಾಜು ಬಗ್ಗಿ ನೋಡಿ, ನಂಗೇನೂ ಕಾಣ್ತಿಲ್ಲ ಕಣಮ್ಮಿ, ಆ ಕಡೆಯೆಲ್ಲ ಮೋಡ ಕವ್ಕಂಡದೆ ಅಂದರು, ನಿಮಗೆ ಎಮ್ಮೆ ಬಿಟ್ಟು ಇನ್ನೇನು ಕಂಡೀತು ಎಂದು ನಕ್ಕುಬಿಟ್ಟಳು, ಮೋಡ, ಮೋಡವೇ ಇತ್ತು, ಅಯ್ಯೋ ಮೋಡದಲ್ಲಿ ನಾನು ನೋಡಿದ್ದೇನು.

ಅವ್ವನಿಗೂ ಇಂಥದೇ ಮಸುಕು ಮೊದಲು ಒಂದೇ ಕಣ್ಣಿಗೆ ಬಂದಿತ್ತು. ಯಾರ್ ಮೊಕ ನೋಡುದ್ರೂ ನಡುಮದ್ಯ ಒಂದು ಅವರೆಕಾಳು ಅಂಟ್ಕಂಡಂಗದೆ ಕಣವ್ವ, ಅನ್ನುತ್ತಿದ್ದಳು, ಆಮೇಲೆ ಇನ್ನೊಂದಕ್ಕೂ ಬಂತು, ಮೊಮ್ಮಗಳ ಮುಖ ಕಾಣಬೇಕಾದರೆ ಮುಖ ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದಳು, ಕತ್ತು ವಾರೆ ಮಾಡಿ, ಕೋಳಿ ನೋಡುವ ಹಾಗೆ, ಆಗ ಅಂಚಿನಲ್ಲಿ ಒಂಚೂರು ಮುಖ ಸಿಗುತ್ತಿತ್ತಂತೆ. ಆಗಲಿ, ನನಗೆ ಬಂದರೆ ಬರಲಿ, ಐವತ್ತಾಯಿತು, ನೋಡಬೇಕಾದ್ದನ್ನೆಲ್ಲ ನೋಡಿಯಾಯಿತು, ಬೆರಳಲ್ಲಿ ತಡವಿಯಾದರೂ ಕಾಳು ಸುಲಿದೇನು — ಆದರೆ ಅವತ್ತು ತಾರಸಿಗೆ ಇನ್ನೊಬ್ಬಳೂ ಬಂದಿದ್ದಳಲ್ಲ, ಕೋಮಲ, ಇಪ್ಪತ್ತಮೂರರ ಮಗಳು, ನಂಜನಗೂಡಿನ ಕೆಲಸದಿಂದ ರಜಕ್ಕೆಂದು ಬಂದವಳು, ಅಪ್ಪನನ್ನು ಪಕ್ಕಕ್ಕೆ ಸರಿಸಿ ಕಣ್ಣಿಟ್ಟು, ಸಿಕ್ತು ಕಣಮ್ಮಾ, ಸರಿಯಾಗಿ ನಡುವಲ್ಲೇ ಅದೆ, ಕಣ್ಣು ಆಡಿಸುದ್ರೆ ಜತೇಲೇ ಬತ್ತದಲ್ಲಮ್ಮ, ಅಂದಿದ್ದಳು, ನನ್ನ ಮಗಳು ಕಣ್ರೀ ಎಂದು ಕುಣಿದು ಪುಸ್ತಕದಲ್ಲಿ ಇಬ್ಬರ ಹೆಸರನ್ನೂ ಬರೆದಿಟ್ಟೆ, ಇಗೋ, ಬ್ಯಾಗಿನಲ್ಲೇ ಇದೆ, ಕಂಡವರು: ಪುಟ್ಟಲಕ್ಷ್ಮಿ, ಕೋಮಲ. ಇಲ್ಲ, ನನ್ನನ್ನು ಖುಷಿಪಡಿಸಲು ಸುಳ್ಳು ಹೇಳಿದ್ದಾಳೆ, ಸುಳ್ಳೇ ಆಗಿರಲಿ ನಂಜುಂಡಪ್ಪಾ, ಕಪಿಲೆಯ ಸೇತುವೆ ಹಿಂದಾಯಿತು, ಬಸ್‌ಸ್ಟ್ಯಾಂಡು ಬಂತು, ಹಸಿರು ಚೂಡಿದಾರದ ಕೋಮಲ ಕಂಬದ ಹತ್ತಿರ ನಿಂತಿದ್ದಾಳೆ, ಕೋಮಲಾ ಎಂದು ಕಿಟಕಿಯಿಂದ ಕೂಗಿದಳು, ಎರಡೂ ಕಣ್ಣು ಅಗಲಿಸಿ ಕೂಗಿದಳು, ಮಗಳು ದನಿ ಬಂದ ಕಡೆ ತಿರುಗಿದಳು, ನಕ್ಕಳು, ಕೈಯೆತ್ತಿದಳು, ಆಮೇಲೆ ಮೆಲ್ಲಗೆ ಕತ್ತು ವಾರೆ ಮಾಡಿ — ಅಮ್ಮನ ಮುಖವನ್ನಲ್ಲ, ಕಿವಿಯನ್ನು, ಕಿವಿಯನ್ನೇ ನೋಡುತ್ತಿದ್ದಾಳೆ.