ಆರಾಧ್ಯರ ಮೇಜಿನ ನೀಲಿ ಕಲ್ಲು

ನಾನು ಒಂದು ಕಯನೈಟ್ ಹರಳು, ಬೆರಳುದ್ದದ ನೀಲಿ ಕಲ್ಲು. ನೆಲದ ಆಳದಲ್ಲಿ, ಬಿಸಿ ಮತ್ತು ಒತ್ತಡದ ನಡುವೆ, ನಿದ್ದೆಯಲ್ಲೇ ಬೆಳೆದೆ. ಎಷ್ಟು ಕಾಲವೋ ತಿಳಿಯದು. ಮೇಲಿನ ಬೆಟ್ಟಗಳೆಲ್ಲ ಸವೆದುಹೋದ ಮೇಲೆ ಮೊದಲ ಬಾರಿ ಬಿಸಿಲು ತಾಕಿತು. ಹೊಳೆನರಸೀಪುರದ ಆಚೆಯ ಕುರುಚಲು ದಿಣ್ಣೆಯೊಂದರಲ್ಲಿ ಸುತ್ತಿಗೆಯ ಒಂದೇ ಏಟಿಗೆ ನನ್ನನ್ನು ಬಂಡೆಯಿಂದ ಬಿಡಿಸಿ, ಕರವಸ್ತ್ರದಲ್ಲಿ ಸುತ್ತಿ ಮೈಸೂರಿಗೆ ತಂದವರು ಖನಿಜಶಾಸ್ತ್ರದ ಪ್ರಾಧ್ಯಾಪಕ ಶ್ರೀಕಂಠಾರಾಧ್ಯರು.

ನಾನು ಎಷ್ಟು ಆಳದಲ್ಲಿ ಹುಟ್ಟಿದೆ? ಆರಾಧ್ಯರಿಗೆ ಅದೊಂದೇ ಹಂಬಲ. ನನ್ನ ತುದಿಯಿಂದ ಕೂದಲಿಗಿಂತ ತೆಳುವಾದ ಬಿಲ್ಲೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅವರು ಕಣ್ಣಿಟ್ಟು ನೋಡುವಾಗ ನನ್ನೊಳಗಿನ ಬಣ್ಣಗಳು ಮೆಲ್ಲನೆ ಹೊರಳುತ್ತಿದ್ದವು. ಪಕ್ಕದ ಕಾಫಿ ಆರಿದ್ದೂ ಅವರಿಗೆ ತಿಳಿಯುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಕಳೆದ ಮೇಲೆ ಬರೆದರು: ಇಪ್ಪತ್ತೆರಡು ಕಿಲೋಮೀಟರ್.

ಪಿಎಚ್.ಡಿ. ಸಂದರ್ಶನಕ್ಕೆ ಬಂದವರ ಕೈಗೆಲ್ಲ ಅವರು ನನ್ನನ್ನೇ ಕೊಡುತ್ತಿದ್ದರು. ಎಲ್ಲರೂ ಥಟ್ಟನೆ ಹೆಸರು ಹೇಳಿ ಕೆಳಗಿಡುತ್ತಿದ್ದರು. ಒಂದು ವರ್ಷ ದಾಕ್ಷಾಯಣಿ ಬಂದಳು, ಇಳಕಲ್ಲಿನ ಕ್ವಾರಿಯಲ್ಲಿ ಕಲ್ಲು ಸೀಳುವವರ ಮಗಳು. ಅವಳ ಎಂ.ಎಸ್ಸಿ. ಫಲಿತಾಂಶ ಇನ್ನೂ ಬಂದಿರಲಿಲ್ಲ. ನನ್ನನ್ನು ಬೆಳಕಿಗೆ ಹಿಡಿದಳು, ಮೇಜಿನ ಮೇಲಿದ್ದ ಚಾಕುವಿನಿಂದ ಗೀರಿದಳು.

“ಹೆಸರು ನೆನಪಾಗವಲ್ದು ಸರ್. ಆದ್ರ ಉದ್ದಕ ಗೀರಿದ್ರ ಗೀರು ಬೀಳತೈತಿ, ಅಡ್ಡಕ ಬೀಳವಲ್ದು. ಒಂದ ಕಲ್ಲಿಗೆ ಎರಡು ನಮೂನಿ ಗಟ್ಟಿತನ ಐತಿ.”

ಆರಾಧ್ಯರ ಮುಖ ಅರಳಿತು. ನಿವೃತ್ತಿ ಹತ್ತಿರವಿತ್ತು, ಅವರು ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳಬಹುದಾದ ಕೊನೆಯ ವರ್ಷ ಅದು. ಅವಳ ಹೆಸರನ್ನೇ ಬರೆದುಕೊಟ್ಟರು.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಪ್ರವೇಶಕ್ಕೆ ಶೇಕಡಾ ಐವತ್ತೈದು ಬೇಕು, ಅವಳದು ಐವತ್ನಾಲ್ಕೂವರೆ. ಆ ನಿಯಮ ಮಾಡಿದ ಸಮಿತಿಯಲ್ಲಿ ಆರಾಧ್ಯರೂ ಇದ್ದರು. ಅವರು ನಿಯಮ ಮುರಿಯಲಿಲ್ಲ, ಅವಳನ್ನು ಕರೆಸಿದರು.

“ಒಂದು ಪೇಪರ್ ಮತ್ತೆ ಬರಿಯಮ್ಮ. ಮುಂದಿನ ವರ್ಷ ನಾನು ತಗೊಳ್ಳೋ ಹಾಗಿಲ್ಲ. ನನ್ನ ಶಿಷ್ಯೆ ವಾರಿಜಾಕ್ಷಿ ಇಲ್ಲೇ ಪಾಠ ಮಾಡ್ತಾಳಲ್ಲ, ಅವಳು ತಗೊಳ್ತಾಳೆ, ಮಾತಾಡಿದೀನಿ. ಅಲ್ಲೀವರೆಗೂ ಈ ಕಲ್ಲು ನಿನ್ನ ಹತ್ರ ಇರ್ಲಿ. ಇದಕ್ಕೆ ಮಾರ್ಕ್ಸ್ ಕಾರ್ಡ್ ಓದೋಕೆ ಬರಲ್ಲ.”

ಆ ವರ್ಷ ಅವರ ಸೀಟು ಖಾಲಿಯೇ ಉಳಿಯಿತು.

ಇಳಕಲ್ಲಿನಲ್ಲಿ ಕೆಂಪು ಗ್ರಾನೈಟಿನ ಧೂಳಿನ ನಡುವೆ, ಅವಳ ಪುಸ್ತಕದ ಮೇಲೆ ಕೂತು ಅವಳ ಓದು ಕೇಳಿದೆ. ಅವಳು ಐವತ್ತೈದು ದಾಟಿದಳು. ಮತ್ತೆ ಮೈಸೂರು, ವಾರಿಜಾಕ್ಷಿಯ ಕೈಕೆಳಗೆ ಅದೇ ಆಳದ ಹುಡುಕಾಟ. ನನ್ನ ಇನ್ನೊಂದು ತುದಿಯೂ ಬಿಲ್ಲೆಬಿಲ್ಲೆಯಾಯಿತು.

ಐದು ವರ್ಷದ ಬಳಿಕ, ಅವಳ ಪ್ರಬಂಧದ ಬಹಿರಂಗ ಮೌಖಿಕ ಪರೀಕ್ಷೆಯ ದಿನ, ಮುಪ್ಪಾದ ಆರಾಧ್ಯರು ಕೊನೆಯ ಸಾಲಿನಿಂದ ಎದ್ದರು.

“ಆಳ ಎಷ್ಟು ಅಂತೀಯಮ್ಮ?”

“ಇಪ್ಪತ್ತೇಳು ಕಿಲೋಮೀಟರ್ ಸರ್.”

“ಹಾಗಾದ್ರೆ ನನ್ನದು ತಪ್ಪು?”

ದಾಕ್ಷಾಯಣಿ ಅವರತ್ತ ತಿರುಗಿದಳು. “ಹೌದ್ರಿ ಸರ್, ತಪ್ಪೈತಿ.”

ಆರಾಧ್ಯರು ಪಕ್ಕದವರ ಪೆನ್ನು ಕೇಳಿ ಪಡೆದು, ಆ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡರು. ಕೂತ ಮೇಲೂ ಅದನ್ನೇ ನೋಡಿ ನಗುತ್ತಿದ್ದರು.

ಈಗ ನಾನು ದಾಕ್ಷಾಯಣಿ ಪಾಠ ಹೇಳುವ ಕಾಲೇಜಿನ ಗಾಜಿನ ಕಪಾಟಿನಲ್ಲಿದ್ದೇನೆ, ಮೊದಲಿನ ಅರ್ಧದಷ್ಟು. ಮಧ್ಯಾಹ್ನ ಮೈ ಬೆಚ್ಚಗಾದಾಗ ಆ ಆಳ ಕನಸಿಗೆ ಬರುತ್ತದೆ. ಅಲ್ಲಿ ಅಳೆಯುವವರು ಯಾರೂ ಇರಲಿಲ್ಲ. ಇಪ್ಪತ್ತೇಳೂ ಸರಿಯಿರಲಿಕ್ಕಿಲ್ಲ. ಯಾರಾದರೂ ಬಂದು ದಾಕ್ಷಾಯಣಿಗೆ ಅದನ್ನು ಎದುರೆದುರೇ ಹೇಳಲಿ ಎಂದು ಕಾಯುತ್ತಿದ್ದೇನೆ.