ಎರಡು ಬೆರಳು ಜಾಸ್ತಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನವಜಾತ ಶಿಶುಗಳ ವಾರ್ಡಿನ ಡಾಕ್ಟರಿಗೆ ಅದು ಇರಬಾರದು ಅನ್ನುತ್ತಾರೆ. ಅನ್ನಲಿ ಬಿಡಿ.

ದಿನ ತುಂಬುವ ಮೊದಲೇ ಹುಟ್ಟಿದ ಆ ಹೆಣ್ಣುಮಗುವನ್ನು ನಾವೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದೆವು. ಹುಟ್ಟಿದಂದಿನಿಂದ ಗಂಟಲಲ್ಲಿ ಕೊಳವೆ, ವೆಂಟಿಲೇಟರಿನ ಉಸಿರು. ಉಳಿಸಿದ ಯಂತ್ರವೇ ಆ ಎಳೆ ಶ್ವಾಸಕೋಶವನ್ನು ದಿನದಿನವೂ ನೋಯಿಸುತ್ತಿತ್ತು. ಒಮ್ಮೆ ಕೊಳವೆ ತೆಗೆದು ಸೋತಿದ್ದೆವು. ಈಗ ಎರಡನೇ ಸಲ. ಇದೂ ಕೈಕೊಟ್ಟರೆ ಮತ್ತೆ ಅದೇ ಯಂತ್ರ, ಆಮೇಲೆ ಬಿಡಿಸುವುದು ಇನ್ನೂ ಕಷ್ಟ.

ಕೊಳವೆ ತೆಗೆದೆ. ಮೂಗಿಗೆ ಎರಡು ಪುಟ್ಟ ನಳಿಕೆ ಸಿಕ್ಕಿಸಿದೆ. ಇದರಲ್ಲಿ ಮಗು ತಾನೇ ಉಸಿರಾಡಬೇಕು. ಒಳಗೆ ಹೋಗುವ ಗಾಳಿ ಶ್ವಾಸಕೋಶ ಕುಸಿಯದಂತೆ ಹಿಡಿದಿರುತ್ತದೆ, ಅಷ್ಟೇ. ಗಾಳಿ ಹೊರಹೋಗುವ ತುದಿ ನೀರಿನ ಬಾಟಲಿಯಲ್ಲಿರುತ್ತದೆ. ನೀರು ಗುಳುಗುಳು ಅಂದರೆ ಒತ್ತಡ ಸರಿಯಿದೆ ಎಂದರ್ಥ. ನಳಿಕೆಗಳು ಜಾರದಂತೆ ಮಗುವಿನ ತಲೆಯ ಉಣ್ಣೆ ಟೊಪ್ಪಿಗೆ ಕಟ್ಟುತ್ತೇವೆ. ಅಳತೆ ನಮ್ಮದು, ಹೆಣಿಗೆ ಮನೆಯವರದು.

ನೀರು ಗುಳುಗುಳು ಅಂದಿತು. ಪಕ್ಕದಲ್ಲಿ ನಿಂತಿದ್ದ ತಾಯಿಯ ಮುಖ ಅರಳಿತು. ಅಷ್ಟರಲ್ಲೇ ಸದ್ದು ನಿಂತಿತು. ಪರದೆಯಲ್ಲಿ ಆಮ್ಲಜನಕದ ಅಂಕಿ ಸರಸರ ಇಳಿಯಿತು, ಗುಬ್ಬಿಯ ತುಟಿ ನೀಲಿಯಾಯಿತು.

"ಮೇಡಂ, ಮತ್ತೆ ಟ್ಯೂಬ್ ಹಾಕೋಕೆ ರೆಡಿ ಮಾಡ್ಲಾ?" ಎಂದಳು ನರ್ಸ್.

"ಒಂದ್ನಿಮಿಷ ಇರಮ್ಮಾ!"

ಟೊಪ್ಪಿ ಕಣ್ಣಿನವರೆಗೆ ಜಾರಿತ್ತು, ನಳಿಕೆ ಮೂಗು ಬಿಟ್ಟಿತ್ತು. ನಳಿಕೆಯನ್ನು ಬೆರಳಲ್ಲೇ ಒತ್ತಿ ಹಿಡಿದೆ. ಗುಳುಗುಳು ಮತ್ತೆ ಶುರುವಾಯಿತು. "ಯಾರಪ್ಪಾ ಈ ಟೊಪ್ಪಿ ಹೆಣೆದ ಪುಣ್ಯಾತ್ಮರು?"

ಬಾಗಿಲ ಬಳಿಯಿದ್ದ ಅಜ್ಜಿ ಮೆಲ್ಲಗೆ ಕೈಯೆತ್ತಿದರು. "ನಾನೇ ಕಣಮ್ಮಾ. ಬೆಳೆಯೋ ಮಗು ಅಲ್ವಾ, ನೀವು ಹೇಳಿದ್ದಕ್ಕಿಂತ ಎರಡು ಬೆರಳು ಜಾಸ್ತಿ ಹಾಕ್ದೆ."

"ಅಯ್ಯೋ ಅಜ್ಜೀ, ಇವಳು ಮೊದಲು ಉಸಿರಾಡ್ಲಿ, ಆಮೇಲೆ ಬೆಳೀತಾಳೆ! ಕೈ ತೊಳ್ಕೊಂಡು ಬನ್ನಿ. ಅಂಚು ಬಿಗಿ ಮಾಡಿ, ಬೇಗ!"

ನರ್ಸ್ ಟೊಪ್ಪಿ ಬಿಡಿಸಿ ಕೊಟ್ಟಳು. ಅಜ್ಜಿ ಅಂಚಿನ ಸುತ್ತ ದಾರ ಪೋಣಿಸಲು ಕುಳಿತರು. ಸೂಜಿಯ ಕಣ್ಣಿಗೆ ದಾರ ಎರಡು ಸಲ ತಪ್ಪಿತು. ಬೈದದ್ದು ಹೆಚ್ಚಾಯಿತು ಅನ್ನಿಸಿತು.

"ನಾನು ಬೈದಿದ್ದು ಟೊಪ್ಪೀನ ಅಜ್ಜೀ, ನಿಮ್ಮನ್ನಲ್ಲ."

"ಟೊಪ್ಪಿಗೆ ಕಿವಿ ಇಲ್ವಲ್ಲಮ್ಮಾ, ನಾನೇ ಕೇಳಿಸ್ಕೊಂಡೆ," ಎಂದರು ಅಜ್ಜಿ. ಈ ಸಲ ದಾರ ಸೂಜಿಗೆ ಸಿಕ್ಕಿತು, ಅಂಚಿನ ಸುತ್ತ ಸರಸರ ಓಡಿತು.

ನಾನು ಬಗ್ಗಿ ನಳಿಕೆ ಹಿಡಿದೇ ಇದ್ದೆ. ಬೆನ್ನು ಮುರಿದುಹೋಗುವಂತಿತ್ತು. ಬಿಗಿಯಾದ ಟೊಪ್ಪಿ ತೊಡಿಸಿ, ನಳಿಕೆ ಕಟ್ಟಿ, ಒಂದೊಂದೇ ಬೆರಳು ತೆಗೆದೆ. ನೀರಿನ ಸದ್ದು ನಿಲ್ಲಲಿಲ್ಲ. ಅಂಕಿ ಏರಿತು, ಏರಿದ್ದು ಇಳಿಯಲೇ ಇಲ್ಲ. ಸಂಜೆಯಾದರೂ ಇಳಿಯಲಿಲ್ಲ. "ಆ ಟ್ಯೂಬ್ ಇನ್ನು ಬೇಡ, ಎತ್ತಿಡಮ್ಮಾ," ಎಂದೆ ನರ್ಸಿಗೆ.

ಆಗಲೇ ಬೆಕ್ಕಿನ ಮರಿಯಂಥ ಸಣ್ಣ ಅಳು ಕೇಳಿಸಿತು. ತಾಯಿ ಅತ್ತಿತ್ತ ನೋಡಿ, ಪಕ್ಕದ ತೊಟ್ಟಿಲ ಕಡೆ ತಿರುಗಿದಳು. "ಯಾರ ಮಗು ಅಳ್ತಿರೋದು?"

ಗಂಟಲಲ್ಲಿ ಕೊಳವೆಯಿದ್ದರೆ ಅತ್ತರೂ ದನಿ ಬರುವುದಿಲ್ಲ. ಮೊದಲ ಸಲ ತೆಗೆದಾಗ ಅಳುವ ಶಕ್ತಿಯೇ ಇರಲಿಲ್ಲ.

"ಇನ್ಯಾರು, ನಿನ್ನ ಮಗಳೇ!" ಎಂದೆ.

ನರ್ಸ್ ಸಮಾಧಾನ ಮಾಡಲು ಕೈ ಚಾಚಿದಳು. "ತಾಳಮ್ಮಾ," ಎಂದು ತಡೆದೆ, "ಅವರಮ್ಮ ಸ್ವಲ್ಪ ಕೇಳ್ಲಿ."