ಎರಡನೇ ಜ್ವರ

ಮಾಗಡಿ ಪೇಟೆಯಲ್ಲಿ ಕೆಟ್ಟ ಫ್ರಿಜ್ಜುಗಳು ನನ್ನ ಬೈಕಿನ ಸದ್ದು ಕೇಳಿಯೇ ಸರಿಹೋಗುತ್ತವೆ ಎಂದರೆ ನೀವು ನಂಬುವುದಿಲ್ಲ. ನಂಬದವರ ಮನೆಯ ಫ್ರಿಜ್ಜು ಹಾಗೆ ಸರಿಹೋಗುವುದೂ ಇಲ್ಲ. ನಾನು ರಿಪೇರಿ ಮಾಡಿದ ಪೆಟ್ಟಿಗೆಯಲ್ಲಿಟ್ಟ ಮಜ್ಜಿಗೆ ಕುಡಿದು ಒಂದು ಮದುವೆ ದಿಬ್ಬಣವೇ ನಡುಬೇಸಿಗೆಯಲ್ಲಿ ಕಂಬಳಿ ಹೊದ್ದು ಕೂತಿತ್ತು. ಅಂಥ ನನಗೆ, ಬಿಸಿಲು ನೆತ್ತಿ ಸೀಳುತ್ತಿದ್ದ ಮಧ್ಯಾಹ್ನ, ಕಲ್ಯದಿಂದ ಅಂಬುಜಮ್ಮನ ಸೊಸೆ ನಯನಾ ಫೋನು ಮಾಡಿ ಅಳತೊಡಗಿದಳು.

"ದೇವರಾಜಣ್ಣ, ಹುಳದ ಮನೆ ಐಸ್ ಆಗೋಗೈತೆ. ಬೇಗ ಬನ್ನಿ."

ಅಂಬುಜಮ್ಮನದು ಚಾಕಿ ಮನೆ. ರೇಷ್ಮೆ ಮೊಟ್ಟೆಯೊಡೆದು ಬಂದ, ಇರುವೆಗಿಂತ ಸಣ್ಣ ಹುಳುಗಳನ್ನು ಎರಡು ಸಲ ಪೊರೆ ಬಿಡುವ ತನಕ ಸಾಕಿ ರೈತರಿಗೆ ಕೊಡುವ ಜಾಗ. ಬಾಣಂತಿ ಕೋಣೆಗೂ ಅಷ್ಟು ಜೋಪಾನವಿಲ್ಲ. ಒಳಗೆ ಇಪ್ಪತ್ತೇಳು ಡಿಗ್ರಿಯ ಆಚೀಚೆ ಹೆಚ್ಚು ಸರಿಯಬಾರದು. ಅದಕ್ಕೆಂದೇ ಬಿಸಿಗೂ ತಂಪಿಗೂ ಒಂದೇ ಕಂಟ್ರೋಲ್ ಪೆಟ್ಟಿಗೆ ಹಾಕಿಸಿದ್ದರು. ಕಂಪನಿಯವರು ಎಲ್ಲೋ ದೂರದಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಅದರ ಕಿವಿ ಹಿಂಡುತ್ತಿದ್ದರು.

ಮಾಗಡಿಯಿಂದ ಕಲ್ಯದವರೆಗೆ ನನ್ನ ಚಕ್ರ ನೆಲ ಮುಟ್ಟಿದ್ದು ಎರಡೇ ಕಡೆ. ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಒಳಗೆ ಹೋದರೆ, ಹಿಮಾಲಯ! ಗೋಡೆಯ ಥರ್ಮಾಮೀಟರ್ ಹದಿನೇಳು ತೋರಿಸುತ್ತಿತ್ತು. ಟ್ರೇಗಳ ತುಂಬ ಹುಳುಗಳು ತಲೆಯೆತ್ತಿ ಅಲುಗದೆ ಕೂತಿದ್ದವು.

"ಏನವ್ವ ಮಾಡ್ದೆ?" ಎಂದು ನಯನಾಳನ್ನು ಕೇಳಿದೆ.

"ಏನೂ ಮಾಡ್ನಿಲ್ಲ ಕಣಣ್ಣ. ಹುಳ ಎರಡನೇ ಜ್ವರಕ್ಕೆ ಕೂತವೆ, ತೇವ ಒಸಿ ಕಮ್ಮಿ ಮಾಡಿ ಅಂತ ಕಂಪನಿಗೆ ಹೇಳ್ದೆ. ಆ ವಯ್ಯ 'ಅಯ್ಯೋ, ಜ್ವರಾನಾ?' ಅಂದ. ಹೂಂ ಅಂದೆ. 'ಈಗಲೇ ತಣ್ಣಗೆ ಮಾಡ್ತೀನಿ ಮೇಡಂ' ಅಂದ್ಬುಟ್ಟ."

ಹುಳು ಮೇವು ಬಿಟ್ಟು, ಪೊರೆ ಕಳಚಲು ಸುಮ್ಮನೆ ಕೂರುವುದಕ್ಕೆ ನಮ್ಮ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಬೆಳವಣಿಗೆ. ಆ ಪುಣ್ಯಾತ್ಮ ರೇಷ್ಮೆಹುಳುವಿನ ಹಣೆಗೆ ಒದ್ದೆ ಬಟ್ಟೆ ಹಾಕಿದ್ದ! ಹದಿನಾರಕ್ಕೆ ಇಳಿಸಿ, ಬೇರೆ ಯಾರೂ ಬದಲಾಯಿಸದಂತೆ ಪಾಸ್‌ವರ್ಡ್ ಜಡಿದು ಎದ್ದುಹೋಗಿದ್ದ. ಮತ್ತೆ ಫೋನು ಮಾಡಿದರೆ ಒಂದು ಹೆಣ್ಣುದನಿ ನಮ್ಮ ಕರೆ ಬಹಳ ಮುಖ್ಯವೆಂದು ಹೇಳಿ ಸಂಗೀತ ಹಾಕುತ್ತಿತ್ತು.

"ಬಾಗ್ಲು ತೆಗೀರಿ, ಹೊರಗಿನ ಕಾವು ಬರ್ಲಿ" ಎಂದೆ.

"ಪಕ್ಕದ ಹೊಲದಾಗೆ ಟೊಮೊಟೊಗೆ ಔಷ್ದಿ ಹೊಡೀತಾವ್ರೆ ಕಣ್ಲಾ. ಆ ಗಾಳಿ ಸೋಕುದ್ರೆ ಇಲ್ಲೇ ಸಾಯ್ತವೆ" ಎಂದಳು ಅಂಬುಜಮ್ಮ.

ಕೆಂಡ ಇಟ್ಟರೆ ಹೊಗೆ. ಮೇನ್ ಆರಿಸಿದರೆ ಕೂಲರಿನ ಜೊತೆ ಹೀಟರೂ ಸತ್ತಿತು. ಪೆಟ್ಟಿಗೆ ಬಿಚ್ಚಿದರೆ ಒಳಗೆಲ್ಲ ಕರಿ ಅಂಟು ಸುರಿದು ಮುಚ್ಚಿದ್ದರು. ದೇವೇಂದ್ರ ಸ್ಕ್ರೂಡ್ರೈವರ್ ಹಿಡಿದು ಬಂದರೂ ಕೈಯಾಡದು. ಹೊರಗೆ ನೇತಾಡುತ್ತಿದ್ದದ್ದು ಸೆನ್ಸರ್ ತಂತಿಯೊಂದೇ. ಕೋಣೆಯ ಕಾವು ಎಷ್ಟೆಂದು ಪೆಟ್ಟಿಗೆಗೆ ಚಾಡಿ ಹೇಳುವುದು ಅದೇ.

"ಅಕ್ಕ, ಮಿಷಿನ್‌ಗೆ ಒಂದು ಸುಳ್ಳು ಹೇಳ್ತೀನಿ. ಐಸ್ ಬೇಕು" ಎಂದೆ ಅಂಬುಜಮ್ಮನಿಗೆ.

"ಸುಳ್ಳು ನಿಂಗೇನು ಹೊಸದಾ? ಹೇಳು."

ರಸ್ತೆಯಲ್ಲಿ ಮೀನು ಮಾರುವ ಸನಾವುಲ್ಲಾ ಸಿಕ್ಕ. ಅವನ ಪೆಟ್ಟಿಗೆ ಕಂಡು ಅಂಬುಜಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮೀನಿನ ಐಸು ನನ್ನ ಚಾಕಿ ಮನೆಗಾ?"

"ಇದು ಮೀನು ಮುಟ್ಟಿಲ್ಲ ಅಮ್ಮ, ಕವರಾಗೈತೆ. ನಿಮ್ಮ ಹುಳಕ್ಕಿಂತ ಮಡಿ" ಎಂದ ಅವನು. ಅವಳು ಪಕ್ಕಕ್ಕೆ ಸರಿದಳು.

ಐಸ್ ನೀರಿನ ಚೊಂಬಿನಲ್ಲಿ ಸೆನ್ಸರ್ ಮುಳುಗಿಸಿದೆ. ಕೋಣೆ ಹೆಪ್ಪುಗಟ್ಟುತ್ತಿದೆ ಎಂದು ಪೆಟ್ಟಿಗೆ ನಂಬಿತು. ಕೂಲರ್ ಬಾಯಿ ಮುಚ್ಚಿತು, ಹೀಟರ್ ಕೆಂಪಾಯಿತು. ನನ್ನ ಸುಳ್ಳನ್ನು ಅಷ್ಟು ಸಲೀಸಾಗಿ ನನ್ನ ಹೆಂಡತಿಯೂ ನಂಬಿದವಳಲ್ಲ! ಆದರೆ ಕೋಣೆ ಇಪ್ಪತ್ತೇಳಕ್ಕೆ ಬಂದು ಸೆನ್ಸರ್ ಹೊರತೆಗೆದದ್ದೇ ತಡ, 'ಅಯ್ಯೋ ಜ್ವರ' ಎಂದು ಕೂಲರ್ ಮತ್ತೆ ಗುರುಗುಟ್ಟಿತು. ಅಲ್ಲಿಂದ ಮುಂದೆ ನಾನು ಚೊಂಬಿಗೆ ಒಮ್ಮೆ ಐಸು, ಒಮ್ಮೆ ಬಿಸಿನೀರು ಬೆರೆಸುತ್ತ ಕೂತೆ. ನಯನಾ ಥರ್ಮಾಮೀಟರಿಗೆ ಮೂಗು ಹಚ್ಚಿ, "ಏರ್ತಾ ಐತೆ ಅಣ್ಣ... ಇಳೀತಾ ಐತೆ ಅಣ್ಣ..." ಎಂದು ಕೂಗುತ್ತಿದ್ದಳು. ನನ್ನ ಬೆರಳುಗಳು ಚೊಂಬಿನಲ್ಲೇ ಉದುರಿ, ಎಣಿಸಿ ಎತ್ತಿಕೊಳ್ಳಬೇಕಾಯಿತು ಎಂದರೂ ತಪ್ಪಿಲ್ಲ.

ಹೊತ್ತು ಮುಳುಗುವಾಗ ಕಂಪನಿಯವನು ಫೋನಿಗೆ ಸಿಕ್ಕಿದ. ಇಪ್ಪತ್ತೇಳಕ್ಕೆ ಏರಿಸಿ, "ಈಗ ಜ್ವರ ಹೇಗಿದೆ ಮೇಡಂ?" ಎಂದು ವಿಚಾರಿಸಿದ. ನಯನಾ ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ಅಂಬುಜಮ್ಮ ಕಟ್ ಮಾಡಿದಳು.

ಮಾರನೆಯ ಬೆಳಿಗ್ಗೆ ಹುಳು ಪೊರೆ ಬಿಟ್ಟು ಜ್ವರದಿಂದ ಏಳಬೇಕು. ನಯನಾ ಎಳೆ ಹಿಪ್ಪುನೇರಳೆ ಸೊಪ್ಪು ಸಣ್ಣಗೆ ಹೆಚ್ಚಿ ಉದುರಿಸಿದಳು. ಮೇಲಿನ ಟ್ರೇಗಳಲ್ಲಿ ಹುಳುಗಳು ಸೊಪ್ಪಿಗೇರಿದವು. ಕೂಲರಿನ ಬಾಯಿಗೆ ಎದುರಾಗಿದ್ದ ಟ್ರೇಗಳಲ್ಲಿ ಅರ್ಧದಷ್ಟು ಇನ್ನೂ ಕೂತೇ ಇದ್ದವು. ಕೆಲವು ಬಾಲದಲ್ಲಿ ಪೊರೆ ಸಿಕ್ಕಿಕೊಂಡೇ ಕಪ್ಪಾಗಿದ್ದವು.

"ಎದ್ದಿರೋವ್ನ ಕೊಟ್ಬುಡಕ್ಕ. ಯಾರ್ಗೆ ಗೊತ್ತಾಯ್ತದೆ?" ಎಂದೆ.

"ಎಲ್ಲಾ ತಂಡಿ ಕುಡ್ದವೆ. ಈಗ ತಿಂತವೆ, ಮುಂದ್ಲ ಜ್ವರದಾಗೆ ಒಂದು ಮಲಗ್ತದೆ, ಒಂದು ಏಳ್ತದೆ. ಗೂಡು ಕಟ್ಟೋ ಹೊತ್ಗೆ ಹುಳ ಕೊಳ್ತು ರೈತನ ಮನೇಲಿ ನಾತ. ನಿನ್ ಸುಳ್ಳು ಮಿಷಿನ್ ನಂಬ್ತು. ಹುಳ ನಂಬ್ತದೇನ್ಲಾ? ನಮ್ಮ ಹುಳ ಅಂದ್ರೆ ಜನ ಕಣ್ಮುಚ್ಕೊಂಡು ಒಯ್ತಾರೆ. ಆ ಮಾತು ಹೋದ್ರೆ ಈ ಮನೆ ಯಾಕೆ?"

ಹುಳು ಹೂಳಲು ನಾನು ಹಿತ್ತಲಲ್ಲಿ ಗುಂಡಿ ತೋಡಿದೆ. ಅಷ್ಟರಲ್ಲಿ ರೈತ ಬೋರಲಿಂಗಯ್ಯ ಹುಳು ಒಯ್ಯಲು ಟೆಂಪೋ ತಂದೇಬಿಟ್ಟ. ಗುಂಡಿ ನೋಡಿದ, ಅದರ ಪಕ್ಕದ ಬ್ಲೀಚಿಂಗ್ ಚೀಲ ನೋಡಿದ.

"ಸೊಪ್ಪು ಬೆಳ್ದು ನಿಂತೈತೆ ಅಂಬುಜವ್ವ. ಒಂದೆರಡು ಟ್ರೇ ಆದ್ರೂ..."

"ಬೇರೆ ಚಾಕಿಗೆ ಹೇಳಿವ್ನಿ. ಅಲ್ಲಿಗೋಗು."

ಅವನು ಹೋಗಲಿಲ್ಲ. ಟ್ರೇಗಳನ್ನು ಹೊರಗೆ ಹೊರಲು ಕೈಹಚ್ಚಿದ. ಒಂದೊಂದಾಗಿ ಗುಂಡಿಗೆ ಬಗ್ಗಿಸಿದೆವು. ಕೊನೆಯದನ್ನು ನಯನಾ ಎದೆಗೊತ್ತಿ ಹಿಡಿದು ನಿಂತಳು.

"ಅತ್ತೆ, ಇದು ಮೇಲಿಂದು. ಎಲ್ಲಾ ಎದ್ದವೆ. ನೋಡಿ, ತಿಂತಾವೆ."

ಅಂಬುಜಮ್ಮ ಟ್ರೇಯ ಇನ್ನೊಂದು ತುದಿ ಹಿಡಿದಳು, ಎಳೆಯಲಿಲ್ಲ. ಕೈಬಿಟ್ಟು, ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಹಾಕಿರೋ ಸೊಪ್ಪು ಮುಗೀಲಿ ತಡಿ" ಎಂದಳು.